ಹದಿನೇಳನೆಯ ಆಂಟೆನಾ

ಆಗಸ್ಟ್ 18, ಸೋಮವಾರ. ಬೆಳಿಗ್ಗೆ 7

ಮತ್ತೆ ಅದೇ ಚಿತ್ರ. ನಡುವೆ ನಕ್ಷತ್ರ, ಸುತ್ತ ಧೂಳಿನ ತಟ್ಟೆ, ತಟ್ಟೆಯೊಳಗೆ ಒಂದು ಕಪ್ಪು ಉಂಗುರ. ಸೂರ್ಯನಿಗಿಂತ ಹದಿನೈದು ಪಟ್ಟು ಭಾರದ ನಕ್ಷತ್ರ. ಇಂಥದರ ಬೆಳಕಿನ ಹೊಡೆತಕ್ಕೆ ಧೂಳು ನಿಲ್ಲುವುದೇ ಕಷ್ಟ. ಆ ಉಂಗುರ ನಿಜವಾದರೆ, ಅಲ್ಲೊಂದು ಗ್ರಹ ಧೂಳು ಬಳಿದುಕೊಂಡು ಬೆಳೆಯುತ್ತಿರಬಹುದು. ನಾಲ್ಕು ವರ್ಷದ ನನ್ನ ಪಿಎಚ್‌ಡಿ ಅಂದರೆ ಅದೇ ಉಂಗುರ. ಬುಧವಾರ ಹನ್ನೊಂದಕ್ಕೆ ಪುಣೆಯ ಸಮ್ಮೇಳನದಲ್ಲಿ ಗೈಡ್ ನೇತ್ರಾ ಮೇಡಂ ಎಲ್ಲರ ಮುಂದೆ ಅದನ್ನು ತೋರಿಸುತ್ತಾರೆ. ನಾನು ಇಲ್ಲಿ, ನಮ್ಮೂರು ಹೊಳೆಮಣ್ಣೂರಿನಲ್ಲಿ. ಅಮ್ಮಿಗೆ ಕಣ್ಣಿನ ಆಪರೇಷನ್ ಆಗಿದೆ.

ಆಗಸ್ಟ್ 19, ಮಂಗಳವಾರ. ಮಧ್ಯಾಹ್ನ

ಹೊಳೆ ಏರುತ್ತಿದೆ. ಬಸ್ ಬಂದ್. ಕರೆಂಟ್ ಇಲ್ಲ, ಟವರ್ ಸತ್ತಿದೆ. ಲ್ಯಾಪ್‌ಟಾಪ್ ಬ್ಯಾಟರಿ 41%. ಕೈ ಸುಮ್ಮನಿರದೆ ಮೂಲ ಡೇಟಾ ತೆರೆದೆ. ಹತ್ತಾರು ರೇಡಿಯೋ ಆಂಟೆನಾಗಳ ಸಿಗ್ನಲ್ ಕೂಡಿಸಿಯೇ ಆ ಚಿತ್ರ ಆಗಿರುವುದು.

ಹದಿನೇಳನೆಯ ಆಂಟೆನಾ... ಎರಡು ತಾಸು ಕೆಟ್ಟ ಸಿಗ್ನಲ್ ಕೊಟ್ಟಿದೆ. ಅದನ್ನು ತೆಗೆದುಹಾಕಬೇಕಿತ್ತು. ನಾನು ತೆಗೆದಿಲ್ಲ!

ಈಗ ತೆಗೆದೆ. ಉಂಗುರ ಇಲ್ಲ.

ಮತ್ತೊಮ್ಮೆ ಮಾಡಿದೆ. ಇಲ್ಲ. ಬ್ಯಾಟರಿ 9%.

ಸಂಜೆ

ಅಬ್ಬಾ ಹೊಲಿಗೆ ಮಷೀನನ್ನು ಮಂಚದ ಮೇಲೆ ಏರಿಸುತ್ತಿದ್ದರು. ಹೇಳಿಬಿಟ್ಟೆ.

"ಮ್ಯಾಡಮ್ಮಗ ಗೊತ್ತೈತೇನ?"

"ಇಲ್ಲ. ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ರ ಗೊತ್ತೂ ಆಗಂಗಿಲ್ಲ."

"ಹಂಗಾರ ನಾಕ ಮಂದಿ ಮುಂದ ಆಕಿ ಹೇಳೂದು ಸುಳ್ಳಾತಲ್ಲ. ಲಗೂ ತಿಳಸಬೇಕವಾ ಗುಲ್ಷನ."

ಹೇಗೆ ತಿಳಿಸಲಿ? ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ತಿಳಿಸಿದ ಮೇಲೆ ನನ್ನ ಫೆಲೋಶಿಪ್?

ಆಗಸ್ಟ್ 20, ಬುಧವಾರ. 9.10

ನೀರು ಹೊಸ್ತಿಲಿಗೆ ಬಂತು. ಪಕ್ಕದ ಮನೆಯ ಪರಶಪ್ಪ ಟ್ರ್ಯಾಕ್ಟರ್ ತಂದಿದ್ದಾನೆ. ರೋಣಕ್ಕೆ, ಅಮ್ಮಿಯ ತಂಗಿ ಖಾಲಾ ಮನೆಗೆ. ಅಮ್ಮಿಯ ಕಣ್ಣಿಗೆ ಪಟ್ಟಿ. ಎತ್ತಿ ಟ್ರೇಲರಿನಲ್ಲಿ ಕೂರಿಸಿದೆವು.

"ನೀರ ಎಷ್ಟ ಬಂದೈತಿ? ಯಾರರೆ ಹೇಳ್ರಿ!"

ಅಬ್ಬಾ ಅಮ್ಮಿಯ ಕಾಲಿಗೆ ಚಾದರ ಹೊದಿಸಿದರು.

10.25

ಹಳ್ಳದ ಸೇತುವೆ ಮೇಲೆ ನೀರು. ಪರಶಪ್ಪ ಗಾಡಿ ನಿಲ್ಲಿಸಿದ. "ಸ್ವಲ್ಪ ಇಳೀಲಿ ತಡೀರಿ."

"ಹನ್ನೊಂದರೊಳಗ ಒಂದ ಫೋನ್ ಮಾಡಬೇಕ್ರಿ ಅಣ್ಣಾ."

"ಫೋನ್ ಆಮ್ಯಾಲೂ ಮಾಡಬಹುದು. ಜೀವ?"

ಸರಿಯಾಗಿಯೇ ಹೇಳಿದ. ಕೂತೆ. ಇಪ್ಪತ್ತು ನಿಮಿಷ... ಗಡಿಯಾರ ನೋಡಲಿಲ್ಲ ಅಂದರೆ ಸುಳ್ಳು.

10.58

ಹಳ್ಳ ದಾಟಿ ದಿಬ್ಬ ಹತ್ತಿದ ಕೂಡಲೇ ಒಂದು ಗೆರೆ ಬಂತು. ಎರಡು ಸಲ ಕಟ್. ಮೂರನೆಯ ಸಲ ಮೇಡಂ ಎತ್ತಿದರು.

"ಗುಲ್ಷನ, ವೇದಿಕೆ ಹತ್ತಲಿಕ್ಕೆ ಹೊಂಟೀನಿ."

"ಮೇಡಂ, ಉಂಗುರ ಇಲ್ಲ. ಹದಿನೇಳನೆ ಆಂಟೆನಾ... ನನ್ನ ತಪ್ಪು."

ಆ ಕಡೆ ಯಾರೋ ಮೈಕಿನಲ್ಲಿ ಮೇಡಂ ಹೆಸರು ಕರೆದರು. ಚಪ್ಪಾಳೆ ಕೇಳಿಸಿತು.

"ಎಷ್ಟ ಸಲ ನೋಡಿದಿ?"

"ಎರಡ—"

ಫೋನ್ ಸತ್ತಿತು.

ಆಗಸ್ಟ್ 25, ಸೋಮವಾರ. ರೋಣ

ಐದು ದಿನ ಬರೆಯಲಿಲ್ಲ. ಮನೆಯೊಳಗೆ ಎದೆಮಟ್ಟ ನೀರು ಬಂದಿತ್ತಂತೆ. ಎಲ್ಲರೂ ಉಳಿದಿದ್ದೇವೆ.

ಅವತ್ತೇ ರಾತ್ರಿ ಖಾಲಾ ಫೋನಿನಿಂದ ಮೆಸೇಜ್ ಕಳಿಸಿದ್ದೆ, ಮೇಡಂ ಅದಕ್ಕೇ ತಿರುಗಿ ಫೋನ್ ಮಾಡಿದ್ದರು. ಉಂಗುರದ ನಾಲ್ಕು ಸ್ಲೈಡ್ ಬಿಟ್ಟರಂತೆ. ಗ್ರಹದ ಮಾತು ವಾಪಸ್ ಅಂದರಂತೆ. ಜರ್ನಲ್ಲಿಗೆ ಕಳಿಸಿದ್ದ ಪೇಪರ್ ಹಿಂದಕ್ಕೆ. ಫೆಲೋಶಿಪ್ ಮುಂದುವರಿಯುವುದು ಗ್ಯಾರಂಟಿ ಇಲ್ಲ.

"ನಿನ್ನ ಹೆಸರೂ ಹೇಳೀನಿ," ಅಂದರು. "ತಪ್ಪು ಮಾಡಿದಾಕಿ ಆಕಿ, ಹಿಡಿದಾಕಿನೂ ಆಕೀನ ಅಂತ."

ಅತ್ತುಬಿಟ್ಟೆ. ನಾಚಿಕೆಗೋ, ಸಮಾಧಾನಕ್ಕೋ.

ಇವತ್ತು ಅಮ್ಮಿಯ ಪಟ್ಟಿ ಬಿಚ್ಚಿದರು. ನನ್ನ ಮುಖ ನೋಡಿ ಮೊದಲು ಕೇಳಿದ್ದು: "ಹಂಗಾರ ಅಲ್ಲಿ ಏನೂ ಇಲ್ಲೇನ?"

"ಧೂಳು ಐತಿ ಅಮ್ಮಿ. ಅದು ಖರೇ. ಚದುರೂದ್ರೊಳಗ ಉಂಡಿ ಕಟ್ಟಿದ್ರ ಗ್ರಹ."

"ಭಾಳ ದಿನ ಐತೇನ ಅದಕ್ಕ?"

"ಇಲ್ಲ. ಇಂಥ ದೊಡ್ಡ ನಕ್ಷತ್ರ ಲಗೂ ಸಾಯತಾವು."

ಸಂಜೆ 5.40

ಮೇಡಂ ಹೋದ ತಿಂಗಳ ಹೊಸ ಡೇಟಾ ಕಳಿಸಿದ್ದಾರೆ. "ನೀನೇ ಮೊದಲು ನೋಡು" ಅಂತ ಒಂದೇ ಸಾಲು. ಎಲ್ಲ ಆಂಟೆನಾ ಒಂದೊಂದಾಗಿ ತಪಾಸಣೆ ಮಾಡಿದೆ. ಎರಡು ಸಲ. ಈಗ ಚಿತ್ರ ತೆರೆಯುತ್ತಿದೆ. ನಕ್ಷತ್ರ ಬಂತು. ತಟ್ಟೆ ನಿಧಾನಕ್ಕೆ ಬರುತ್ತಿದೆ. ಎಡಗಡೆ ಅಂಚಿನಲ್ಲಿ ಏನೋ ಕಪ್ಪಗಿದೆ; ಮೇಡಂಗೆ ಹೇಳುವ ಮೊದಲು ಮೂರನೆಯ ಸಲ ತಪಾಸಣೆ.