ವಿಭೂತಿ ಹಚ್ಚಿದ ರಷ್ಯಾ ಪುಸ್ತಕಗಳು

ರಾಮಕೃಷ್ಣನಗರ, ಮೈಸೂರು
ಅಕ್ಟೋಬರ್ ೯, ೨೦೨೫

ಪ್ರೀತಿಯ ಮಹೇಶಣ್ಣ,

ಹೇಗಿದ್ದೀಯೋ? ಮೊಣಕಾಲಿನ ನೋವು ಹೇಗಿದೆ? ಚಳಿಗೆ ಅದು ಹೆಚ್ಚಾಗುತ್ತೆ ಅಂತ ಅಮ್ಮ ದಿನಾ ಹೇಳುತ್ತಾಳೆ, ಗೋಡೆಗೆ ಹೇಳಿದ ಹಾಗೆ. ಅನ್ನ ಸಿಗುತ್ತಾ, ಇಲ್ಲ ಬರೀ ಬ್ರೆಡ್ಡಾ? ಜೂನ್‌ನಲ್ಲಿ ಫೋನ್ ಮಾಡಿದವನು ಆಮೇಲೆ ಪತ್ತೆಯೇ ಇಲ್ಲ. ನಾನು ಕಳಿಸಿದ ಮೆಸೇಜುಗಳೆಲ್ಲ ಒಂದೇ ಟಿಕ್ ಹಾಕಿಕೊಂಡು ಕೂತಿವೆ. ಪತ್ರ ಕೊಟ್ಟರೆ ತಲುಪಿಸೋಕೆ ನೋಡುತ್ತೇವೆ ಅಂತ ದೆಹಲಿಯ ವಿದೇಶಾಂಗ ಕಚೇರಿಯವರು ಹೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ರಜಾ ಪತ್ರ ಬರೆದ ಮೇಲೆ ನನ್ನ ಮೊದಲನೇ ಪತ್ರ ಇದು, ತಪ್ಪಿದ್ದರೆ ನಗಬೇಡ. ನಗೋದಾದರೆ ಇಲ್ಲಿಗೆ ಕೇಳಿಸೋ ಹಾಗೆ ನಗು.

ಇಲ್ಲಿ ಎಲ್ಲರೂ ಇದ್ದೇವೆ. ಚೆನ್ನಾಗಿದ್ದೇವೆ ಅಂತ ಬರೆಯೋಕೆ ಕೈ ಬರುತ್ತಿಲ್ಲ. ಮೊಬೈಲ್ ರಿಪೇರಿ ಕೆಲಸ ಬಿಟ್ಟೆ, ಆಮೇಲೆ ಸೇರಿದ ಟೈಲ್ಸ್ ಗೋಡೌನನ್ನೂ ಬಿಟ್ಟೆ. ಒಂದು ಕಡೆ ಕೂರಲ್ಲ ಅಂತ ಬೈಯುತ್ತಿದ್ದೆಯಲ್ಲ, ಈಗ ಕೂತಿದ್ದೇನೆ, ಅಪ್ಪನ ಪುಸ್ತಕದ ಬೀರುವಿನ ಮುಂದೆ. ಕೂರಿಸಿದವನು ನೀನೇ. ಕೊನೇ ಫೋನಿನಲ್ಲಿ ಹೇಳಿದ್ದು ನೆನಪಿದೆಯಾ? “ಈ ಜನ ಎಂಥೋರು ಅಂತ್ಲೇ ಗೊತ್ತಾಯ್ತಿಲ್ಲ ಕಣೋ ಷಡಿ. ಅಪ್ಪನ ಬೀರು ತೆಗ್ದು ನೋಡು, ಯಾವ್ ಬುಕ್ಕು ಓದಿದ್ರೆ ಅರ್ಥ ಆಯ್ತದೆ ಹೇಳು.” ಅಷ್ಟಕ್ಕೇ ಲೈನ್ ಹೋಯಿತು. ಒಂದು ದೇಶಕ್ಕೆ ಹೋಗುವವರು ಹೋಗುವ ಮುಂಚೆ ಓದುತ್ತಾರೆ. ನೀನು ಅಲ್ಲಿಗೆ ಹೋಗಿ, ಕೈಗೆ ಗನ್ನು ಬಂದ ಮೇಲೆ ಕೇಳಿದೆ. ಆದರೂ ಕೇಳಿದ್ದೀಯ, ಹೇಳುತ್ತೇನೆ.

ಹೇಳುವ ಮುಂಚೆ ಒಳಗಿನ ಸಿಟ್ಟನ್ನು ಸ್ವಲ್ಪ ಹೊರಗೆ ಹಾಕುತ್ತೇನೆ. ಅಪ್ಪ ಹುಡುಗನಾಗಿದ್ದಾಗ ಟೌನ್ ಹಾಲ್ ಹತ್ತಿರ ನಿಂತು ರಷ್ಯಾ ಪುಸ್ತಕ ಅಗ್ಗಕ್ಕೆ ಮಾರುತ್ತಿದ್ದ ವ್ಯಾನಿನಿಂದ ತಂದ ಪುಸ್ತಕಗಳು ಅವು. ಆಯುಧಪೂಜೆ ದಿನ ಅಂಗಡಿಯ ತಕ್ಕಡಿಗೆ, ಸ್ಕೂಟರಿಗೆ ಆದ ಮೇಲೆ ಆ ಪುಸ್ತಕಗಳ ಬೆನ್ನಿಗೂ ಮೂರು ಬೆರಳಲ್ಲಿ ವಿಭೂತಿ ಎಳೆಯೋರು. ಮೈಸೂರಲ್ಲಿ ಇನ್ಯಾರ ಮನೆಯಲ್ಲೂ ರಷ್ಯಾಕ್ಕೆ ವಿಭೂತಿ ಹಚ್ಚಿರಲಿಕ್ಕಿಲ್ಲ. ನಮಗೆ ಗೊತ್ತಿದ್ದದ್ದು ತೆಳ್ಳನೆಯ ಚಿತ್ರದ ಪುಸ್ತಕಗಳು ಮಾತ್ರ, ಹಿಮ, ಕರಡಿ, ಕೆಂಪು ಕೆನ್ನೆಯ ಹುಡುಗಿ. “ಮಕ್ಕಳ ಬುಕ್ಕಿಗೆ ಇಂಥಾ ಕಾಗ್ದ ಹಾಕೋ ಜನ ಮೋಸ ಮಾಡಲ್ಲ ಕಣ್ರೋ,” ಅಂತ ಅಪ್ಪ ಪುಟ ಸವರುತ್ತಾ ಹೇಳೋರು. ನಾವೂ ನಂಬಿದೆವು. ಅದಕ್ಕೇ ಲಷ್ಕರ್ ಮೊಹಲ್ಲಾದ ಆ ಏಜೆಂಟು ನಮ್ಮ ದಿವಾನಿನ ಮೇಲೆ ಕೂತು, ರಷ್ಯಾ ಸೈನ್ಯದ ಅಡುಗೆಮನೆಯಲ್ಲಿ ಹೆಲ್ಪರ್ ಕೆಲಸ, ಗನ್ನು ಮುಟ್ಟೋ ಹಾಗೇ ಇಲ್ಲ ಅಂದಾಗ ಯಾರೂ ಏನೂ ಕೇಳಲಿಲ್ಲ. ಹಿಂದಿನ ಬೀದಿಯ ಮೂಗಯ್ಯ ಓದು ಬಾರದವನು, ಆದರೂ ಕಾಂಟ್ರಾಕ್ಟನ್ನು ಕನ್ನಡದಲ್ಲಿ ಕೊಡಿ ಅಂತ ಹಟ ಹಿಡಿದ, ಅದು ಬರಲಿಲ್ಲ, ಮಗನನ್ನು ಕಳಿಸಲಿಲ್ಲ. ನಮ್ಮಪ್ಪ ಕೇಳಿದ್ದೇನು? “ಅಲ್ಲಿ ಈಗ್ಲೂ ಮಕ್ಕಳ ಬುಕ್ಕು ಅಚ್ಚಾಯ್ತವಾ ಸಾರ್?” ಆ ಮನುಷ್ಯ ಒಂದು ಸಲ ಬೀರು ನೋಡಿದ, ಒಂದು ಸಲ ಅಪ್ಪನ ಮುಖ ನೋಡಿದ. “ನಿಮ್ಮಂಥೋರ ಮನೆ ಹುಡುಗನ್ನ ತಲೆ ಮೇಲೆ ಹೊತ್ಕೋತಾರೆ ಸ್ವಾಮಿ,” ಅಂದ. ಅಪ್ಪ ಎದ್ದು ಹೋಗಿ ಅವನಿಗೊಂದು ಪುಸ್ತಕ ಉಡುಗೊರೆ ಕೊಟ್ಟರು. ನೀನೂ ಹಲ್ಲು ಕಿರಿದುಕೊಂಡು ನಿಂತಿದ್ದೆ.

ಈಗ ಪುಸ್ತಕಗಳ ವಿಷಯ. ಕೆಳಗಿನ ಅರೆಯಲ್ಲಿ ಕೆಂಪು ಬಟ್ಟೆಯ ರಟ್ಟಿನ ದಪ್ಪ ಚರಿತ್ರೆ ಇದೆ. ಅದನ್ನೇ ಮೊದಲು ಓದು. ತೆಗೆದು ನೋಡಿದರೆ ಎಷ್ಟೋ ಹಾಳೆಗಳ ಅಂಚು ಕತ್ತರಿಸಿಯೇ ಇರಲಿಲ್ಲ, ಒಂದಕ್ಕೊಂದು ಅಂಟಿಕೊಂಡಿದ್ದವು. ಅಡುಗೆಮನೆ ಚಾಕು ತಂದು ನಾನು ಬಿಡಿಸಿದೆ. ಅಂದರೆ ಅರ್ಥ ಆಯಿತಾ? ಇಷ್ಟು ವರ್ಷ ಪೂಜೆ ಮಾಡಿದ ಮನುಷ್ಯ ಅದನ್ನು ಓದಿಯೇ ಇರಲಿಲ್ಲ. ಅಲ್ಲಿ ಹಿಂದೆ ರಾಜರ ಕಾಲದಲ್ಲಿ ಹಳ್ಳಿಯ ಹುಡುಗರನ್ನು ಸೈನ್ಯಕ್ಕೆ ಹಿಡಿದರೆ ಇಪ್ಪತ್ತೈದು ವರ್ಷ ಬಿಡುತ್ತಿರಲಿಲ್ಲವಂತೆ. ಅದಕ್ಕೆ ಕಳಿಸುವ ದಿನವೇ ಮನೆಯವರು ಸತ್ತವರಿಗೆ ಅಳುವ ಹಾಗೆ ಅತ್ತು ಕಳಿಸುತ್ತಿದ್ದರಂತೆ. ನಾವು ನಿನಗೆ ಮೈಸೂರುಪಾಕಿನ ಡಬ್ಬಿ ಕೊಟ್ಟು ರೈಲ್ವೆ ಸ್ಟೇಷನ್‌ನಲ್ಲಿ ಕೈ ಬೀಸಿದೆವು, ಸೆಲ್ಫಿ ತೆಗೆದೆವು. ಆ ಪುಟವನ್ನು ಯಾರಾದರೂ ಒಬ್ಬರು ಬಿಡಿಸಿ ನೋಡಿದ್ದರೆ ಸಾಕಾಗಿತ್ತು.

ಎರಡನೆಯದು ದೊಡ್ಡ ಕಾದಂಬರಿ. ಒಬ್ಬೊಬ್ಬನಿಗೂ ಮೂರು ಮೂರು ಹೆಸರು, ಯಾರು ಯಾರನ್ನು ಕರೆದರು ಅಂತ ತಿಳಿಯೋಕೆ ನಾನು ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡೆ, ಅಮ್ಮನ ಹತ್ತಿರ ಬೈಸಿಕೊಂಡೆ. ದೊರೆಗಳು ಕುಣಿಯುವ ಭಾಗ, ಫ್ರೆಂಚಿನಲ್ಲಿ ಜಂಬ ಕೊಚ್ಚುವ ಭಾಗ ಹಾರಿಸಿಬಿಡು. ಬಾಗಿಲ ಹತ್ತಿರ ಅವರ ಕೋಟು ಹಿಡಿದು ನಿಂತವರ ಭಾಗ ಮಾತ್ರ ಓದು. ನಿನ್ನ ಜೊತೆ ಇರುವ ಅಲ್ಲಿನ ಹುಡುಗರು ಅವರ ಮೊಮ್ಮಕ್ಕಳೇ ಇರಬೇಕು. ಆಜ್ಞೆ ಕೊಡುವವರು ಯಾರ ಮೊಮ್ಮಕ್ಕಳು ಅಂತ ನಾನು ಹೇಳಬೇಕಾಗಿಲ್ಲ.

ಮೂರನೆಯದು ಸಣ್ಣ ಕಥೆಗಳು. ಅದರಲ್ಲಿ ಒಬ್ಬ ಬಟ್ಟೆ ಒಗೆಯುವ ಹೆಂಗಸು ಇದ್ದಾಳೆ. ಅವಳ ಮಗ ಇರುವ ದಂಡಿನ ಕ್ಯಾಪ್ಟನ್ ಊರಿಗೆ ಬಂದಿದ್ದಾನೆ. ಕಾಲರ್ ಸರಿಯಾಗಿ ನಿಂತಿಲ್ಲ ಅಂತ ಅವನು ರೇಗುತ್ತಾನೆ, ಅವಳು ಇಸ್ತ್ರಿ ಹಾಕುತ್ತಾಳೆ, ಮಗ ಹೇಗಿದ್ದಾನೆ ಅಂತ ಕೇಳಬೇಕು ಅಂತ ಬಾಯಿಗೆ ಬರುತ್ತೆ, ಕೇಳಲ್ಲ. ಅಷ್ಟೇ ಕಥೆ. ಅಮ್ಮನಿಗೆ ಓದಿ ಹೇಳಿದೆ, ಹೇಳಬಾರದಾಗಿತ್ತು. “ಕೇಳಿದ್ರೆ ಏನ್ ಯೋಳ್ಬುಡ್ತಾನೋ ಅನ್ನೋ ಭಯ ಕಣಪ್ಪ ಅವ್ಳಿಗೆ,” ಅಂದಳು, ಸೊಪ್ಪು ಬಿಡಿಸುವ ಕೈ ನಿಲ್ಲಿಸದೆ.

ಈ ಸಲದ ಆಯುಧಪೂಜೆಯಲ್ಲಿ ಅಪ್ಪ ಎಂದಿನ ಹಾಗೆ ವಿಭೂತಿ ಕಲಸಿಕೊಂಡು ಬೀರುವಿನ ಹತ್ತಿರ ಹೋದರು. ಅಮ್ಮ ಅಡ್ಡ ನಿಂತಳು. “ನನ್ ಮಗನ್ನ ನುಂಗ್ಕೊಂಡ್ ದೇಶಕ್ಕೆ ಇನ್ನೂ ಪೂಜೆನಾ?” ಅಂದವಳು ತಕ್ಷಣ “ಬುಡ್ತು, ಬುಡ್ತು” ಅಂತ ಕೆನ್ನೆ ಬಡಿದುಕೊಂಡಳು. ಅಪ್ಪ “ಅದು ಬೇರೆ ರಷ್ಯಾ ಕಣೇ, ಇದು ಬೇರೆ,” ಅಂದರು. “ನೀವು ಓದಿದ್ದು ಯಾವ್ದು ಹಾಗಾದ್ರೆ?” ಅಂತ ನಾನು ಕೇಳಿದೆ. ಅಪ್ಪ ಬೆರಳಿನ ವಿಭೂತಿ ಒಣಗಿ ಉದುರುವವರೆಗೂ ಅಲ್ಲೇ ನಿಂತಿದ್ದರು. ಅವರನ್ನು ನೋಡಿ ಪಾಪ ಅನಿಸಬೇಕಿತ್ತು. ಅನಿಸಲಿಲ್ಲ.

ಅಮ್ಮ ನಿನ್ನ ತಲೆ ಸವರಿದ ಹಾಗೆ ಬರೆ ಅಂದಳು, ಅದನ್ನು ಹೇಗೆ ಬರೆಯೋದೋ ಗೊತ್ತಿಲ್ಲ, ಸವರಿದ್ದಾಳೆ ಅಂದುಕೋ. ಅಪ್ಪನ ಆಶೀರ್ವಾದವನ್ನು ಕೇಳಿ ಬರೆಯುತ್ತಿಲ್ಲ, ಇದ್ದೇ ಇರುತ್ತೆ. ಕಾಲು ಬೆಚ್ಚಗಿಟ್ಟುಕೋ.

ನಿನ್ನ ತಮ್ಮ,
ಷಡಕ್ಷರಿ

ತಾ.ಕ.: ಮೇಲೆ ಬರೆಯೋಕೆ ಆಗಲಿಲ್ಲ. ಸೋಮವಾರ ದೆಹಲಿಯಿಂದ ಫೋನ್ ಬಂತು. ಅಲ್ಲಿ ಗುರುತು ಸಿಗದ ಒಂದು ದೇಹ ಇದೆಯಂತೆ, ನಮ್ಮ ಕಡೆಯ ಹುಡುಗ ಇರಬಹುದಂತೆ, ಹೋಲಿಸಿ ನೋಡೋಕೆ ಮನೆಯವರ ರಕ್ತ ಬೇಕಂತೆ. ಅಪ್ಪ ಕೊಡಲ್ಲ ಅಂದರು, ಕೊಟ್ಟರೆ ಒಪ್ಪಿಕೊಂಡ ಹಾಗೆ ಅಂತೆ. ಅಮ್ಮನಿಗೆ ಹೇಳಿಲ್ಲ. ಇವತ್ತು ಬೆಳಿಗ್ಗೆ ನಾನು ಹೋಗಿ ಕೊಟ್ಟು ಬಂದೆ. ಉತ್ತರ ಬರೋದು ತಡ ಆಗುತ್ತಂತೆ. ಅಷ್ಟರೊಳಗೆ ನೀನು ಒಂದು ಸಾಲು ಬರೆ, ಬೈದಾದರೂ ಬರೆ. ಆಸ್ಪತ್ರೆಯಿಂದ ಬರುವಾಗ ಗುಡಿ ಮುಂದೆ ನಿಂತು, ಆ ಹುಡುಗ ಬೇರೆ ಯಾವುದೋ ತಾಯಿಯ ಮಗನಾಗಿರಲಿ ಅಂತ ಕೈ ಮುಗಿದೆ. ಇಂಥದ್ದನ್ನು ಬೇಡಿಕೊಳ್ಳೋನಾಗಿಬಿಟ್ಟೆ ಕಣೋ.