ಎಡ ಅಂಗೈಯ ಬೆಳಕಿನ ಚುಕ್ಕೆ

ಭದ್ರಾವತಿ
೧೪ ಡಿಸೆಂಬರ್ ೧೯೯೮

ಅಮ್ಮಾ,

ನಿನ್ನ ಎಡಚಿ ಮಗಳು ಸುಮನಾ ಮಾಡುವ ನಮಸ್ಕಾರ. ಚೆನ್ನಾಗಿದ್ದೇನೆ. ಚಿಕ್ಕಮ್ಮ ಹೊಟ್ಟೆ ಬಿರಿಯುವಷ್ಟು ಬಡಿಸುತ್ತಾಳೆ, ಭುಜದ ನೋವು ಹೋಗಿದೆ. ಶಿವಮೊಗ್ಗದ ವಿದ್ಯಾನಗರಕ್ಕೂ ಇಲ್ಲಿಗೂ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಅದಕ್ಕೆ ಪತ್ರವೇಕೆ ಅಂತ ನೀನು ಕೇಳಬಹುದು. ಫೋನ್ ಮಾಡಿದರೆ ಅಪ್ಪಾಜಿ ಎತ್ತುತ್ತಾರೆ, ನನ್ನ ದನಿ ಕೇಳಿದ ಕೂಡಲೇ ರಾಂಗ್ ನಂಬರ್ ಅನ್ನುತ್ತಾರೆ. ಮನೆಗೇ ಬರೋಣವೆಂದರೆ ಬಾಗಿಲಲ್ಲಿ ನಿಂತು ಅವರು ಹೇಳಿದ ಮಾತು ಇನ್ನೂ ಅಲ್ಲೇ ನಿಂತಿದೆ: ಕೊರಳಿಗೆ ಮತ್ತೆ ಲಿಂಗ ಕಟ್ಟಿಕೊಂಡು ಬರುವುದಾದರೆ ಬಾ, ಇಲ್ಲದಿದ್ದರೆ ಬೇಡ.

ನೀನು ಹೇಳಿ ಕಳಿಸಿದ್ದು ತಲುಪಿತು. ಚಿಕ್ಕಮ್ಮ ಚೀಲ ಕೆಳಗಿಡುವ ಮೊದಲೇ ಶುರು ಮಾಡಿದಳು. "ನೋಡೇ ಮಾರಾಯ್ತಿ, ನಿಮ್ಮಮ್ಮ ಪೇಪರ್ ಹಿಡ್ಕೊಂಡು ಅಳ್ತಾಳೋ ನಗ್ತಾಳೋ ಗೊತ್ತಾಗ್ಲಿಲ್ಲ. ಬರೋ ಸೋಮವಾರ ಸ್ವಾಮಿಗಳು ಮನೆಗೆ ಬರ್ತಾರಂತೆ. ಸುಮ್ನೆ ಹೋಗಿ ಕಟ್ಟಿಸ್ಕೊಂಡ್ ಬಿಡು. ಮುಂದಿನ ತಿಂಗಳು ಶಿವಮೊಗ್ಗದಲ್ಲೇ ರಾಜ್ಯಮಟ್ಟದ್ದು ಇದ್ಯಲ್ಲ, ಗಂಡ ಹೆಂಡ್ತಿ ಇಬ್ರೂ ಬಂದು ಮುಂದ್ಗಡೆ ಕೂತು ನೋಡ್ತಾರಂತೆ" ಅಂದಳು. ಜೊತೆಗೆ ಆ ಪೇಪರಿನ ತುಣುಕನ್ನೂ ಕೊಟ್ಟಳು. ಎಡ ಅಂಗೈಯಲ್ಲಿ ಕಬ್ಬಿಣದ ಗುಂಡು ಹಿಡಿದು ಅದನ್ನೇ ನೋಡುತ್ತ ನಿಂತ ನನ್ನ ಫೋಟೋ, ಮೇಲೆ ದಪ್ಪ ಅಕ್ಷರದಲ್ಲಿ: ಗುಂಡನ್ನೇ ಲಿಂಗವೆಂದು ಪೂಜಿಸಿ ಜಿಲ್ಲಾ ದಾಖಲೆ ಮುರಿದ ಯುವತಿ.

ಅಮ್ಮಾ, ನೀನು ನನ್ನ ಆಟ ನೋಡಲು ಬರಬೇಕು. ಆದರೆ ನಾನು ಲಿಂಗ ಕಟ್ಟಿಕೊಳ್ಳುವುದಿಲ್ಲ. ಎರಡೂ ಮಾತನ್ನು ಒಟ್ಟಿಗೇ ಹೇಳುತ್ತಿದ್ದೇನೆ. ಹೇಗೆ ಹೇಳುತ್ತೇನೆ ಅನ್ನುವುದು ತಿಳಿಯಬೇಕಾದರೆ ಆ ದಿನ ನಡೆದದ್ದನ್ನು ನಡೆದ ಹಾಗೆ ಕೇಳು. ಪೇಪರಿನವನಿಗೆ ಗೊತ್ತಿಲ್ಲ, ನಮ್ಮ ಓದಿನ ಸಂಘದವರಿಗೂ ಗೊತ್ತಿಲ್ಲ. ನಿನಗೆ ಮಾತ್ರ ಅರ್ಥವಾಗುವ ವಿಷಯ ಅದು.

ಮೊದಲು ನನ್ನ ಕೆಟ್ಟ ದಿನಗಳು. ಸಿಟ್ಟೇ ಶಕ್ತಿ ಅಂತ ಸಂಘದ ಕಿರುಪುಸ್ತಕವೊಂದರಲ್ಲಿ ಓದಿ ಕೆಳಗೆ ಗೆರೆ ಎಳೆದುಕೊಂಡಿದ್ದೆ. ಹಾಗಾಗಿ ಎಸೆಯುವಾಗೆಲ್ಲ ಎದುರಿಗೆ ಯಾರನ್ನಾದರೂ ನಿಲ್ಲಿಸಿಕೊಳ್ಳುತ್ತಿದ್ದೆ. ಒಮ್ಮೆ ಅಪ್ಪಾಜಿ. ಒಮ್ಮೆ ಹೊಳೆಹೊನ್ನೂರಿನಿಂದ ಹೆಣ್ಣು ನೋಡಲು ಬಂದು, ನನ್ನ ಭುಜ ನೋಡಿ ಕಾಫಿಯನ್ನು ಅರ್ಧಕ್ಕೇ ಇಟ್ಟು ಎದ್ದುಹೋದವರು. ಒಮ್ಮೆ ನನ್ನನ್ನು ಗಂಡುಬೀರಿ ಅಂದ ಬೀದಿ ಪೂರ್ತಿ. ಕೊರಳಿನ ನರ ಬಿಗಿದು, ಹಲ್ಲು ಕಚ್ಚಿ ಎಸೆದರೆ ಗುಂಡು ನನ್ನ ಸಿಟ್ಟಿನ ಅರ್ಧ ದೂರಕ್ಕೂ ಹೋಗುತ್ತಿರಲಿಲ್ಲ. ನಮ್ಮ ಪಿ.ಟಿ. ಮೇಷ್ಟ್ರು ಜಟ್ಟಪ್ಪ ಸರ್ ತಲೆ ಚಚ್ಚಿಕೊಂಡು, "ನೀನು ಗುಂಡು ಎಸೀತಿದೀಯೋ, ಭಾಷಣ ಮಾಡ್ತಿದೀಯೋ? ಅದಕ್ಕೆ ನಿನ್ನ ಸಿದ್ಧಾಂತ ಕಟ್ಕೊಂಡು ಏನಾಗಬೇಕು? ಅದು ಬರೀ ಕಬ್ಬಿಣ ಕಣಮ್ಮ" ಅನ್ನುತ್ತಿದ್ದರು.

ಅಂತರ ಕಾಲೇಜು ಕ್ರೀಡಾಕೂಟದ ದಿನವೂ ಅದೇ ಪಾಡು. ಮೊದಲ ಎರಡು ಎಸೆತದಲ್ಲಿ ವೃತ್ತದ ಮುಂದಿನ ಮರದ ಪಟ್ಟಿ ತುಳಿದೆ. ಎರಡೂ ಫೌಲ್. ಮೂರನೆಯದೂ ಹೋದರೆ ಮನೆಗೆ ನಡೆಯಬೇಕು. ಅಳತೆಯ ಟೇಪ್ ಹಿಡಿದು ನಿಂತಿದ್ದ ಧರ್ಮಪ್ಪನವರು ಕೂಡ ನನ್ನ ಕಡೆ ನೋಡುವುದನ್ನು ಬಿಟ್ಟಿದ್ದರು.

ಸರದಿ ಕಾಯುವಾಗ ಗುಂಡು ಕೈಗೆ ಬಂತು. ಇಬ್ಬನಿಯ ಹುಲ್ಲಿನ ಮೇಲೆ ಉರುಳಿ ಮಣ್ಣು ಮೆತ್ತಿಕೊಂಡಿತ್ತು. ಎಡ ಅಂಗೈ ಮೇಲಿಟ್ಟು ಬಲಗೈಯಿಂದ ಒರೆಸಿದೆ. ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು, ತಲೆ ತಗ್ಗಿಸಿದೆ. ಭಾರ ತಡೆಯಲೆಂದು ಮೊಣಕೈ ಪಕ್ಕೆಗೆ ಒತ್ತಿಕೊಂಡೆ. ಅಂಗೈ ಎದೆಯ ಮಟ್ಟಕ್ಕೆ ಬಂತು. ಅಷ್ಟೇ ಅಮ್ಮಾ. ಅದು ನೀನು ಬೆಳಿಗ್ಗೆ ಲಿಂಗಪೂಜೆಗೆ ಕೂರುವ ಭಂಗಿ. ನಾನು ಬೇಕೆಂದು ಮಾಡಲಿಲ್ಲ, ಮೈಗೆ ಅದು ಗೊತ್ತಿತ್ತು.

ಒರೆಸಿದ ಕಪ್ಪು ಕಬ್ಬಿಣದ ಮೇಲೆ ಒಂದು ಬಿಳಿ ಚುಕ್ಕೆ ಬೆಳಕು ಕೂತಿತ್ತು. ನನಗೆ ದೀಕ್ಷೆಯಾದ ವರ್ಷ ನೀನು ಹಿಂದೆ ಕೂತು, ಲಿಂಗವಿಟ್ಟ ನನ್ನ ಎಡಗೈಯನ್ನು ನಿನ್ನ ಕೈಯಲ್ಲಿ ಹಿಡಿದು ಹೇಳಿದ್ದು ನೆನಪಾಯಿತು. ದೇವರ ಬಗ್ಗೆ ಅವತ್ತು ನೀನು ಏನೂ ಹೇಳಿರಲಿಲ್ಲ. ಚುಕ್ಕೆ ನೋಡು, ರೆಪ್ಪೆ ಬಡೀಬೇಡ, ಚುಕ್ಕೆ ಅಲ್ಲಾಡಿದರೆ ನಿನ್ನ ಉಸಿರು ಅಲ್ಲಾಡ್ತಿದೆ ಅಂತ ತಿಳ್ಕೊ ಅಂದಿದ್ದೆ. ಉಣ್ಣುವಾಗ ಎಡಗೈಗೆ ಏಟು ಕೊಟ್ಟು ಪೂಜೆಗೆ ಮಾತ್ರ ಎಡಗೈ ಬೇಕಾ ಅಂತ ನಾನು ಜಗಳ ತೆಗೆದಿದ್ದೆ. ನೀನು ನಕ್ಕು, ಎಡಚಿಯಾದರೆ ನಿನಗೆ ಇದು ನನಗಿಂತ ಬೇಗ ಬರುತ್ತೆ ಬಿಡು ಅಂದಿದ್ದೆ.

ಆ ಚುಕ್ಕೆ ಅಲ್ಲಾಡುತ್ತಿತ್ತು. ನೋಡುತ್ತ ನಿಂತೆ. ನಿಧಾನವಾಗಿ ನಿಂತಿತು. ಅಪ್ಪಾಜಿ ಎದುರಿನಿಂದ ಹೋದರು, ಹೊಳೆಹೊನ್ನೂರಿನವರು ಹೋದರು, ಬೀದಿ ಹೋಯಿತು. ಗೆಲ್ಲಬೇಕು ಅನ್ನುವುದೂ ಹೋಯಿತು. ಆಮೇಲೆ ವೃತ್ತದೊಳಗೆ ಹೋಗಿದ್ದು, ಗುಂಡು ಕತ್ತಿಗೆ ತಣ್ಣಗೆ ತಗುಲಿದ್ದು, ಮಂಡಿ ಮಡಿಸಿದ್ದು, ಹಿಮ್ಮಡಿಯಿಂದ ಹೊರಟ ಬಲ ಬೆನ್ನೇರಿ ಬೆರಳ ತುದಿಯಿಂದ ದಾಟಿದ್ದು, ಎಲ್ಲ ನೆನಪಿದೆ. ನೆನಪಿಲ್ಲದಿರುವುದು ಒಂದೇ, ಅಲ್ಲಿ ನಾನಿದ್ದದ್ದು. ಎಸೆದವಳು ನಾನು ಅನ್ನುವುದು ಜನ ಕಿರುಚಿದ ಮೇಲೆ ತಿಳಿಯಿತು. ಧರ್ಮಪ್ಪನವರು ಟೇಪನ್ನು ಬಿಚ್ಚಿ ಮತ್ತೊಮ್ಮೆ ಹಿಡಿದರು, ಮೊದಲ ಅಳತೆಯನ್ನು ಅವರೇ ನಂಬಲಿಲ್ಲ.

ಇನ್ನೊಂದು ಕೇಳು. ನಾನು ಎಸೆಯುವ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಸೈರನ್ ಕೂಗಿತಂತೆ. ಈ ಊರಿನಲ್ಲಿ ಆ ಸೈರನ್ ಕೇಳದವರು ಯಾರಿದ್ದಾರೆ? ಮಲಗಿದ ಮಗು ಎದ್ದು ಕೂರುತ್ತದೆ. ನನಗೆ ಕೇಳಲೇ ಇಲ್ಲ. ನನ್ನ ಗೆಳತಿ ವೇದಾ ಹೇಳಿದಾಗ ನಾನು ಅವಳನ್ನೇ ಬೈದೆ, ಸುಳ್ಳು ಹೇಳಬೇಡ ಹೋಗೇ ಅಂತ.

ಮಾರನೆಯ ದಿನ ಪೇಪರಿನಲ್ಲಿ ಫೋಟೋ ಬಂತಲ್ಲ, ಮೈದಾನದಲ್ಲಿ ನಾಟಕ ಶುರುವಾಯಿತು. ಜಟ್ಟಪ್ಪ ಸರ್ ಕಾಲೇಜಿನ ಗುಂಡುಗಳಿಗೆಲ್ಲ ವಿಭೂತಿ ಬಳಿದು ಸಾಲಾಗಿ ಇಟ್ಟಿದ್ದರು. ಜೂನಿಯರ್ ಹುಡುಗಿಯರು ಒಬ್ಬೊಬ್ಬಳೂ ಒಂದೊಂದು ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು. ಮೋನಿಕಾ ಅನ್ನುವವಳು ಕಾಲ ಮೇಲೆ ಬೀಳಿಸಿಕೊಂಡು ಇನ್ನೂ ಕುಂಟುತ್ತಿದ್ದಾಳೆ. ನಾನು ಕೆಂಡವಾಗಿ ಹೋಗಿ ಎಲ್ಲ ಗುಂಡನ್ನೂ ನಲ್ಲಿ ಕೆಳಗೆ ತೊಳೆದೆ. ಸರ್ ದೂರದಿಂದ, "ತೊಳಿ ಮಾರಾಯ್ತಿ, ತೊಳಿ. ಆದ್ರೆ ಕಣ್ಣು ಮುಚ್ಚೋದಲ್ಲ, ಬಿಡೋದು ಅಂತ ಅವಕ್ಕೆ ಹೇಳಾದ್ರೂ ಕೊಡು" ಅಂದರು. ಹೇಳಿಕೊಟ್ಟೆ. ನೀನು ಹೇಳಿಕೊಟ್ಟ ಹಾಗೆಯೇ.

ಸಂಘದಲ್ಲಿ ಬೇರೆ ಗಲಾಟೆ. ವೇದಾ ಪೇಪರಿಗೆ ಕಳಿಸಲು ಪ್ರತಿಹೇಳಿಕೆ ಬರೆದು ತಂದಿದ್ದಳು: ಅದು ಪೂಜೆಯಲ್ಲ, ನಾನು ಮಣ್ಣು ಒರೆಸುತ್ತಿದ್ದೆ, ಅಷ್ಟೇ. ಸಹಿ ಹಾಕು ಅಂದಳು. ಆಗುವುದಿಲ್ಲ ಅಂದೆ. "ಹಾಗಾದ್ರೆ ಪೂಜೆ ಮಾಡ್ತಿದ್ದೆ ಅಂತೀಯಾ?" ಅಂದಳು. ಅದೂ ಅಲ್ಲ ಅಂದೆ. "ಅದೂ ಅಲ್ಲ, ಇದೂ ಅಲ್ಲ ಅಂದ್ರೆ ಏನೇ ಅದು?" ಅಂತ ಎಲ್ಲರೂ ಮುಖ ನೋಡಿದರು. ನನ್ನ ಪುಸ್ತಕಗಳಲ್ಲಿ ಅದಕ್ಕೆ ಹೆಸರಿರಲಿಲ್ಲ. ಆದರೂ ಸುಳ್ಳಿಗೆ ಸಹಿ ಹಾಕದಿರುವುದನ್ನು ಕಲಿಸಿದ್ದು ಅದೇ ಪುಸ್ತಕಗಳು. ಹಾಗಂತ ಹೇಳಿ ಎದ್ದು ಬಂದೆ. ವೇದಾ ಎರಡು ದಿನ ಮಾತು ಬಿಟ್ಟಿದ್ದಳು, ಇವತ್ತು ಕಡಲೆಕಾಯಿ ಹಿಡಿದು ಬಂದಿದ್ದಳು.

ಈಗ ನಿನ್ನ ಮಾತು. ಶಿವನೇ ನಿನ್ನ ಕೈ ಹಿಡಿದ ಅಂತ ಹೇಳಿ ಕಳಿಸಿದೀಯಂತೆ. ಇಲ್ಲ ಅಮ್ಮಾ. ಆ ಎಸೆತವನ್ನು ನಾನು ಶಿವನಿಗೂ ಕೊಡುವುದಿಲ್ಲ, ಸಂಘಕ್ಕೂ ಕೊಡುವುದಿಲ್ಲ. ಕೊಡುವುದಾದರೆ ನಿನಗೆ ಕೊಡುತ್ತೇನೆ. ನನ್ನ ಕೈ ಹಿಡಿದದ್ದು ನೀನು.

ಚಿಕ್ಕವಳಿದ್ದಾಗ ನೀನು ಪೂಜೆಗೆ ಕೂತರೆ ನನಗೆ ಹೊಟ್ಟೆಯುರಿ. ಸೆರಗು ಎಳೆದರೂ ತಿರುಗುತ್ತಿರಲಿಲ್ಲ. ಒಂದು ದಿನ ನಿನ್ನ ಕಿವಿಯ ಹತ್ತಿರ ತಟ್ಟೆ ಹಿಡಿದು ಸೌಟಿನಿಂದ ಬಡಿದೆ, ನೀನು ರೆಪ್ಪೆ ಕೂಡ ಅಲುಗಿಸಲಿಲ್ಲ. ಅಮ್ಮ ನನ್ನನ್ನು ಬಿಟ್ಟು ಎಲ್ಲಿಗೋ ಹೋಗುತ್ತಾಳೆ, ಕರೆದುಕೊಂಡು ಹೋಗುವವನು ಆ ಕಪ್ಪು ದೇವರು ಅಂತ ಅವನ ಮೇಲೆ ಹಗೆ ಬಂತು. ನಾನು ಲಿಂಗ ತೆಗೆದಿಟ್ಟದ್ದಕ್ಕೆ ಅಪ್ಪಾಜಿಯ ಮುಂದೆ ದೊಡ್ಡ ದೊಡ್ಡ ಕಾರಣ ಹೇಳಿದ್ದೆನಲ್ಲ, ಅವೆಲ್ಲ ನಿಜ. ಇದೂ ನಿಜ.

ಈಗ ಗೊತ್ತಾಯಿತು, ನೀನು ಎಲ್ಲಿಗೂ ಹೋಗುತ್ತಿರಲಿಲ್ಲ. ನಾನು ಸೈರನ್ ಕೇಳದೆ ನಿಂತಿದ್ದ ಜಾಗದಲ್ಲೇ ಇರುತ್ತಿದ್ದೆ. ನಾನು ಅಲ್ಲಿಗೆ ಒಂದೇ ಸಲ ಹೋದದ್ದಕ್ಕೆ ಪದಕ ಕೊಟ್ಟು, ಫೋಟೋ ಹಾಕಿ, ತೆರೆದ ಜೀಪಿನಲ್ಲಿ ಕೂರಿಸಿದರು. ನೀನು ಮದುವೆಯಾದಾಗಿನಿಂದ ದಿನಾ ಬೆಳಿಗ್ಗೆ ಹೋಗಿ ಬಂದು, ಎದ್ದು ಅವಲಕ್ಕಿ ಒಗ್ಗರಣೆ ಹಾಕುತ್ತೀಯ. ನಮ್ಮ ಮನೆಯಲ್ಲಿ ಮೊದಲ ಆಟಗಾರ್ತಿ ನಾನಲ್ಲ ಅಂತ ವೇದಾಳಿಗೆ ಎದೆಯುಬ್ಬಿಸಿ ಹೇಳಿದ್ದೇನೆ.

ಒಂದು ಪ್ರಶ್ನೆ ಇದೆ, ಕೇಳಲು ಬೇರೆ ಯಾರೂ ಇಲ್ಲ. ಆಮೇಲೆ ಅಭ್ಯಾಸದಲ್ಲಿ ನಾನು ಅದನ್ನು ಬಾ ಬಾ ಅಂತ ಕರೆದೆ, ಬರಲಿಲ್ಲ. ಬಯಸಿದಷ್ಟೂ ಚುಕ್ಕೆ ನಡುಗುತ್ತದೆ. ನಿನಗೆ ದಿನಾ ಬರುತ್ತಾ? ಬಾರದ ದಿನ ಏನು ಮಾಡ್ತೀಯ? ಎದ್ದುಬಿಡ್ತೀಯಾ, ಕೂತೇ ಇರ್ತೀಯಾ? ರಾಜ್ಯಮಟ್ಟದ ಸ್ಪರ್ಧೆಗೆ ಮೊದಲು ಇದಕ್ಕೆ ಉತ್ತರ ಬೇಕು. ಬಂದು ಹೇಳು.

ಸೋಮವಾರ ನಾನು ಬರುವುದಿಲ್ಲ, ಸ್ವಾಮಿಗಳಿಗೆ ತೊಂದರೆ ಕೊಡಬೇಡ. ಸ್ಪರ್ಧೆಯ ದಿನ ಅಪ್ಪಾಜಿ ಬಾರದಿದ್ದರೆ ನೀನೊಬ್ಬಳೇ ಆಟೋ ಹಿಡಿದು ಸ್ಟೇಡಿಯಮ್ಮಿಗೆ ಬಾ. ಬಂದ ಮೇಲೆ ನಾನು ನಿನ್ನ ಕಡೆ ತಿರುಗದಿದ್ದರೆ, ಕೂಗಿದರೂ ಓ ಅನ್ನದಿದ್ದರೆ ಬೇಸರ ಮಾಡಿಕೊಳ್ಳಬೇಡ. ಗುಂಡು ಬಿದ್ದ ಮೇಲೆ ಮೊದಲು ನಿನ್ನನ್ನೇ ಹುಡುಕುತ್ತೇನೆ. ನೀನೂ ಪೂಜೆ ಮುಗಿಸಿ ಕಣ್ಣೆತ್ತಿದಾಗ ಮೊದಲು ನನ್ನ ಹೆಸರೇ ಕೂಗುತ್ತಿದ್ದೆ, ನೆನಪಿದೆ.

ನಿನ್ನ
ಸುಮನಾ

ತಾ.ಕ.: ನಾನು ದೇವರ ಮನೆಯ ತಟ್ಟೆಯಲ್ಲಿ ಬಿಟ್ಟು ಬಂದ ಲಿಂಗವನ್ನು ನೀನು ದಿನಾ ನಿನ್ನದರ ಜೊತೆಯಲ್ಲೇ ಅಂಗೈಯಲ್ಲಿಟ್ಟು ಕೂರುತ್ತೀಯಂತೆ. ಚಿಕ್ಕಮ್ಮ ಬಾಯಿ ತಪ್ಪಿ ಹೇಳಿದಳು. ಈಚೆಗೆ ಕೈ ನಡುಗುತ್ತದೆ ಅಂತಲೂ ಹೇಳಿದಳು. ಅದನ್ನು ನಿಲ್ಲಿಸು ಅಂತ ಬರೆಯಲು ಪೆನ್ನು ಎತ್ತಿದೆ, ಬರೆಯಲಿಲ್ಲ. ಎರಡನ್ನೂ ಹಿಡಿಯುವಾಗ ಮೊಣಕೈ ಗಾಳಿಯಲ್ಲಿ ಬಿಡಬೇಡ, ಪಕ್ಕೆಗೆ ಒತ್ತಿಕೋ. ಭಾರ ಗೊತ್ತಾಗುವುದಿಲ್ಲ.