ಪಶ್ಚಿಮ ಗೋಡೆಯ ಕ್ರಾಸ್

ಸಪ್ತಾಪುರ, ಧಾರವಾಡ
೨೫ ಏಪ್ರಿಲ್ ೨೦೨೫, ಶುಕ್ರವಾರ

ಚಿ. ಸೌಂದರ್ಯಾಳಿಗೆ ಅವ್ವನ ಆಶೀರ್ವಾದ.

ಹುಬ್ಬಳ್ಳಿ ಏನು ದೂರವಲ್ಲ, ಬಸ್ ಹತ್ತಿದರೆ ನಿನ್ನ ಆಫೀಸಿನ ಎದುರಿಗೇ ಬಂದು ಜಗಳವಾಡಬಹುದಿತ್ತು. ಆದರೆ ನಿನ್ನೆ ಫೋನಿನಲ್ಲಿ ನೀನು, "ಅವ್ವಾ, ಒದರಬ್ಯಾಡ. ಹೇಳೂದೇನಿದ್ರೂ ಬರದು ಕಳಸು, ಫೈಲಿಗೆ ಹಚ್ಚತೇನಿ" ಅಂದೆ. ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ದುಡಿದವಳಿಗೆ ಬರೆಯುವುದೇನು ಕಷ್ಟವಲ್ಲ. ತಗೋ, ಹಚ್ಚಿಕೋ.

ನಿನ್ನ ವರದಿ ಓದಿದೆ. ಓದುಮನೆ ಸಮಿತಿಯ ಅಧ್ಯಕ್ಷರಾದ ಬಸವಪ್ರಭು ಅವರೇ ಪ್ರತಿ ಹಿಡಿದುಕೊಂಡು ಬಂದಿದ್ದರು. ಚಹಾ ಕುಡಿಯುತ್ತ, "ವಿಶಾಲಕ್ಕಾರ, ರವಿವಾರ ಉದ್ಘಾಟನಿ. ನಿಮ್ಮ ಮಗಳು ಸರ್ಟಿಫಿಕೇಟಿಗೆ ಸಹಿ ಮಾಡಂಗಿಲ್ಲಂತ ಕುಂತಾಳ. ಎರಡ ಕಬ್ಬಿಣದ ತುಂಡಿಗೆ ಇಷ್ಟ ಹಟಾನ?" ಎಂದು ನಕ್ಕರು.

ಸಹಿ ಮಾಡದಿರುವುದು ಸರಿಯೇ. ಇನ್ನೂರು ಹುಡುಗರು ಬೆಳಗಿನಿಂದ ಸಂಜೆಯವರೆಗೆ ಪರೀಕ್ಷೆಗೆ ಓದುತ್ತ ಕೂರುವ ಜಾಗ ಅದು. ಉಕ್ಕಿನ ಆ ಚೌಕಟ್ಟನ್ನು ವಿನ್ಯಾಸ ಮಾಡಿದವಳು ನೀನು. ಪಶ್ಚಿಮ ಗೋಡೆಯಲ್ಲಿ ಕಂಬದಿಂದ ಕಂಬಕ್ಕೆ ಓರೆಯಾಗಿ ಹಾಯ್ದಿದ್ದ ಎರಡು ಪಟ್ಟಿ, ಜಾಕೀರ ಕ್ರಾಸ್ ಅನ್ನುತ್ತಾನಲ್ಲ ಅವು, ಈಗ ಇಲ್ಲ. ಅವಿಲ್ಲದೆ ಬಾಗಿಲು ತೆರೆಯಬಾರದು ಎಂದು ನೀನು ಬರೆದದ್ದಕ್ಕೆ ನಾನು ಕೈ ಮುಗಿಯುತ್ತೇನೆ.

ಆದರೆ ಅದರ ಕೆಳಗಿನ ಸಾಲು? "ಫ್ಯಾಬ್ರಿಕೇಟರ್ ಜಾಕೀರ ಅನುಮತಿಯಿಲ್ಲದೆ ಕತ್ತರಿಸಿದ್ದಾನೆ. ಮುಂದೆ ಈತನಿಗೆ ಕೆಲಸ ಕೊಡಬಾರದು." ಯಾರನ್ನು ಕೇಳಿ ಬರೆದೆ? ಅವನನ್ನು ಕೇಳಿದೆಯಾ?

ಲಕಮನಹಳ್ಳಿಯ ಆ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಬ್ಬಿಣ ಬೆಸೆಯುತ್ತಿರುವವನು ಅವನು. ನಿನ್ನ ಮೊದಲ ನಕಾಶೆಯಲ್ಲಿ ಕಂಬದ ಬುಡದ ಬೋಲ್ಟ್ ತೂತುಗಳು ಸರಿದಿದ್ದಾಗ ಸಮಿತಿಗೆ ಹೇಳದೆ ನಿನಗೇ ಫೋನು ಮಾಡಿ, "ಮೇಡಂ, ಒಂದಿಷ್ಟು ಮತ್ತ ನೋಡ್ರಿ, ನಂದ ತಪ್ಪಿರಬಹುದು" ಎಂದವನು ಯಾರು? ತಪ್ಪು ನಿನ್ನದಾಗಿತ್ತು. ಅವನು ನಿನ್ನ ಹೆಸರನ್ನು ಯಾವ ಕಾಗದದ ಮೇಲೂ ಬರೆಯಲಿಲ್ಲ.

ಪಟ್ಟಿಗಳನ್ನು ಗುಜರಿಗೆ ಹಾಕಿದ್ದಾನೆಂದು ಬಸವಪ್ರಭು ಊರೆಲ್ಲ ಹೇಳುತ್ತಿದ್ದಾರೆ. ಇಂದು ಬೆಳಿಗ್ಗೆ ನಾನೇ ಹೋಗಿ ನೋಡಿದೆ. ಕಟ್ಟಡದ ಹಿಂದೆ ಗೋಡೆಗೆ ಆನಿಸಿ ಇಟ್ಟಿದ್ದಾನೆ. ಯಾವ ತುದಿ ಯಾವ ಕಂಬಕ್ಕೆ ಎಂದು ಸೀಮೆಸುಣ್ಣದಲ್ಲಿ ನಂಬರು ಬರೆದಿದ್ದಾನೆ. ಗುಜರಿಗೆ ಹಾಕುವವನು ನಂಬರು ಬರೆಯುತ್ತಾನೆಯೇ?

ನಿಜವಾಗಿ ನಡೆದದ್ದು ಇಷ್ಟು. ಮೂರು ವಾರದ ಹಿಂದೆ ದಾನಿಗಳ ಕಲ್ಲು ಕೂರಿಸಿದರು. ಜಾಗ ಕೊಟ್ಟ ನಿನ್ನಪ್ಪನ ಹೆಸರು ಎಲ್ಲಕ್ಕಿಂತ ಮೇಲೆ. ಕಲ್ಲು ಕೂತದ್ದು ಪಶ್ಚಿಮ ಗೋಡೆಯ ಮೇಲೆ, ಕ್ರಾಸಿನ ಹಿಂದೆ. ಎರಡು ಪಟ್ಟಿ ಕೂಡುವುದು ಸರಿಯಾಗಿ 'ದಿ. ಶಾಂತಯ್ಯ' ಎಂಬಲ್ಲಿ. ಬಸವಪ್ರಭು ಅಲ್ಲೇ ನಿಂತು, "ಹಾರ ಎಲ್ಲಿ ಹಾಕೂದು? ಫೋಟೋದಾಗ ಹೆಸರು ಬರಬೇಕಲ್ಲ?" ಅಂದರು. ತೆಗೆಸಿಬಿಡಿ ಎಂದು ಯಾರೋ ಹೇಳಿದರು. ಜಾಕೀರ, "ಇದು ಶೋಕಿಗೆ ಹಾಕಿದ್ದಲ್ರಿ" ಎಂದು ಹಿಂದೆ ಸರಿದ. ಕೊನೆಗೆ ತೆಗೆದ. ಕಣ್ಣಾರೆ ಕಂಡ ಬಸವಪ್ರಭು ಈಗ ಏನೂ ಗೊತ್ತಿಲ್ಲವೆನ್ನುತ್ತಾರೆ! ಬಿಳಿ ಅಂಗಿಯವರು ನೆನಪನ್ನು ಎಷ್ಟು ಸುಲಭವಾಗಿ ಮಡಚಿಡುತ್ತಾರೆ.

ನಾನು ಮಡಚಿಡುವವಳಲ್ಲ. ನನ್ನ ತವರೂರು ಅಮ್ಮಿನಬಾವಿಯಲ್ಲಿ, ನನಗೆ ಹತ್ತು ವರ್ಷವಿದ್ದಾಗ, ಹತ್ತಿ ತುಂಬುವ ತಗಡಿನ ಶೆಡ್ಡು ಅಡ್ಡಮಳೆಯ ಗಾಳಿಗೆ ವಾಲಿ ಬಿತ್ತು. ಗಾಡಿ ಒಳಗೆ ಬರಲೆಂದು ಓರೆ ತೊಲೆ ಕಡಿಸಿದವರು ಗೌಡರು. ಊರು ಬೈದದ್ದು ಅವರ ಮಾತಿಗೆ ಕಡಿದ ಕಮ್ಮಾರ ಶಿದ್ದಪ್ಪನನ್ನು. ಅವನು ಹೆಂಡತಿ ಹನುಮವ್ವನನ್ನು ಕರೆದುಕೊಂಡು ಊರು ಬಿಟ್ಟ. ಹೋಗುವ ದಿನ ಆಕೆ ನಮ್ಮ ಅವ್ವನ ಹತ್ತಿರ, "ಕೊಡ್ಲಿ ಹಿಡದವರಿಗೇ ಬೈಗಳ ಏನಬೇ ಯವ್ವಾ, ಹಿಡಿ ಅಂದವರಿಗಿಲ್ಲೇನು?" ಎಂದು ಕೇಳಿದ್ದಳು. ಐವತ್ತೈದು ವರ್ಷವಾಯಿತು. ಈಗ ಅದೇ ಸಾಲನ್ನು, ಕಂಪ್ಯೂಟರಿನಲ್ಲಿ ಟೈಪು ಮಾಡಿ, ನನ್ನ ಮಗಳು ಸಹಿ ಹಾಕಿದ್ದಾಳೆ.

ಜಾಕೀರನ ಕೈಯಲ್ಲಿದ್ದ ಇನ್ನೆರಡು ಕೆಲಸ ನಿನ್ನೆಯೇ ತಪ್ಪಿಹೋದವು. ಅವನ ತಾಯಿ ರಸೂಲಬಿ ಸಂತೆಯಲ್ಲಿ ಸಿಕ್ಕು, "ಬಾಯಿನ ಬಿಡವಲ್ಲ ಅಕ್ಕಾ. ಯಾರು ಹೇಳಿದ್ರಂತ ಕೇಳಿದ್ರ, ಹೋಗ್ಲಿ ಬಿಡು ಅಮ್ಮಾ ಅಂತಾನ" ಅಂದಳು.

ಆ ಸಾಲನ್ನು ತೆಗೆದು ಹೊಸ ವರದಿ ಬರೆ. ಇದು ಕೈಗೆ ಸಿಕ್ಕ ದಿನವೇ. ಪಟ್ಟಿಗಳನ್ನು ಅವನ ಕೈಯಿಂದಲೇ ಮತ್ತೆ ಕೂರಿಸು, ಉದ್ಘಾಟನೆ ಮುಂದೆ ಹೋದರೆ ಹೋಗಲಿ. ಮಾಡದಿದ್ದರೆ ಈ ಮನೆಗೆ ಬರಬೇಡ ಎಂದು ಬರೆಯುವಷ್ಟು ಸಿಟ್ಟಿದೆ. ಬರೆಯುವುದಿಲ್ಲ.

ನಿನ್ನ ಅವ್ವ,
ವಿಶಾಲ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೇಲೆ 'ಯಾರೋ' ಎಂದು ಬರೆದಿದ್ದೇನಲ್ಲ, ಅದು ನಾನು. ಜಾಕೀರ ಕೈ ಹಚ್ಚುವ ಮುಂಚೆ, "ಸೌಂದರ್ಯಾ ಮೇಡಮ್ಮಾರನ್ನ ಕೇಳೀರೇನ್ರಿ?" ಎಂದ. ನಾನು, "ಹೂಂ, ಕೇಳೇನಿ" ಅಂದೆ. ಕೇಳಿರಲಿಲ್ಲ. ಎಂಜಿನಿಯರಿನ ತಾಯಿ ಸುಳ್ಳು ಹೇಳುತ್ತಾಳೆಂದು ಅವನು ಹೇಗೆ ತಿಳಿಯಬೇಕು?

ನೀನು ಎಂಟನೆಯ ಇಯತ್ತೆಯಲ್ಲಿದ್ದಾಗ ಕಸಬರಿಗೆಯ ನಾಲ್ಕು ಕಡ್ಡಿಗಳನ್ನು ಚೌಕ ಕಟ್ಟಿ, ಅದು ವಾಲುವುದನ್ನು ತೋರಿಸಿ, ಓರೆಯಾಗಿ ಐದನೆಯದನ್ನು ಕಟ್ಟಿ, "ಈಗ ದೂಡು ನೋಡೂಣು, ಅವ್ವಾ" ಅಂದಿದ್ದೆ. ಕಲ್ಲು ಕೂರಿಸಿದ ದಿನವೂ ಅದು ನನಗೆ ನೆನಪಿತ್ತು. ಆದರೂ ನಿಮ್ಮಪ್ಪನ ಹೆಸರು ಕಾಣಲಿ ಅನ್ನಿಸಿತು.

ಈ ಹಾಳೆಯನ್ನೂ ಫೈಲಿಗೆ ಹಚ್ಚು. ಕಲ್ಲು ಸರಿಸಬೇಡ. ಕ್ರಾಸು ಅವರ ಹೆಸರಿನ ಮೇಲೆಯೇ ಹಾಯಲಿ.